'ನಾಳೆ ಬಾ' ಎಂದು ಬರೆದ ಬಾಗಿಲುಗಳು

ಒಂದು ಕಾಲದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿಯಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗ ಮತ್ತೆ ಅದನ್ನೇ ಓದುತ್ತದೆ, ಹೀಗೆ ಅದರ ನಾಳೆ ಎಂದಿಗೂ ಬರುವುದೇ ಇಲ್ಲ ಎಂಬುದು ಜನರ ನಂಬಿಕೆಯಾಗಿತ್ತು. ನಾವು ಇದನ್ನು ಮೂಢನಂಬಿಕೆಯೆಂದು ಹೇಳಿ ನಗುತ್ತೇವೆ. ಆದರೆ ನಮ್ಮ ಸಮುದಾಯದ ಎಷ್ಟು ಮನೆಗಳ ಬಾಗಿಲಲ್ಲಿ ಇಂದಿಗೂ ಈ ಬರಹ ಅಳಿಯದೆ ಉಳಿದಿದೆಯೆಂಬುದನ್ನು ಎಂದಾದರೂ ಎಣಿಸಿದ್ದೇವೆಯೇ? ಅಂದಿನವರು ದೆವ್ವವನ್ನು ಹಿಂದಕ್ಕೆ ಕಳುಹಿಸಲು ಬರೆದರು. ನಾವು ಕರ್ತವ್ಯವನ್ನು, ಅವಕಾಶವನ್ನು, ಕೆಲವೊಮ್ಮೆ ನಮ್ಮ ಮನೆಯ ಹೆಣ್ಣುಮಕ್ಕಳ ಹಕ್ಕನ್ನು ಹಿಂದಕ್ಕೆ ಕಳುಹಿಸಲು ಬರೆದುಕೊಂಡಿದ್ದೇವೆ.

ಮುಂದೂಡಿಕೆಯ ಬೆಲೆ ಏನೆಂಬುದನ್ನು ಕೊಪ್ಪಳ ಜಿಲ್ಲೆಯ ಜನರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್, ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು ಅದು. ಗೇಟುಗಳ ವಯಸ್ಸು ಏಳು ದಶಕ. ಅವುಗಳ ಆಯುಷ್ಯ ಮುಗಿದಿದೆ, 33 ಗೇಟುಗಳನ್ನೂ ಬದಲಿಸಬೇಕು ಎಂದು ದುರಂತದ ಬಳಿಕ ಪರಿಶೀಲಿಸಿದ ತಜ್ಞರು ಹೇಳಿದರು. ಆದರೆ ಆ ಮಾತು ಕಡತದಿಂದ ಹೊರಬಂದು ಕಾರ್ಯರೂಪದ ದಾರಿ ಹಿಡಿಯಲು ಒಂದು ಗೇಟು ನದಿಪಾಲಾಗಬೇಕಾಯಿತು. ಗೇಟು ಹೋದ ಮೇಲೆ ಏನಾಯಿತೆಂಬುದನ್ನು ಗಮನಿಸಿ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ, ಸುಮಾರು ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಬಾಕಿ ಉಳಿದ ಕೆಲಸದ ಬೆಲೆಯನ್ನು ಮಾತ್ರ ರೈತ ತೆತ್ತ. 2025ರಲ್ಲಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಗಂಗಾವತಿಯ ಗದ್ದೆಯ ಮಾಲೀಕನಿಗೂ, ಅಲ್ಲಿ ನಾಟಿಗೆ ಹೋಗುವ ಕೂಲಿಯ ಹೆಂಗಸಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ, ಸಾಮರ್ಥ್ಯ ಇರಲಿಲ್ಲವೆಂದಲ್ಲ. ಒಂದು ವಾರದಲ್ಲಿ ಹರಿಯುವ ನದಿಗೆ ಗೇಟು ಇಳಿಸಬಲ್ಲವರಿಗೆ ಬೇಸಿಗೆಯ ಒಣ ದಿನಗಳಲ್ಲಿ ಸರಪಳಿ ಬದಲಿಸುವುದು ಕಷ್ಟವೇ? ಸಾಮರ್ಥ್ಯವಿತ್ತು, ಅದು ಅನಾಹುತವನ್ನು ಕಾಯುತ್ತಿತ್ತು, ಅಷ್ಟೆ. ಸರಕಾರವನ್ನು ಟೀಕಿಸಲು ನಾವು ಈ ಮಾತನ್ನು ಸಂತೋಷದಿಂದ ಬಳಸುತ್ತೇವೆ. ಆದರೆ ಇದೇ ಮಾತನ್ನು ನಮ್ಮ ಮನೆಗಳಿಗೆ, ನಮ್ಮ ಜಮಾಅತ್‌ಗಳಿಗೆ ಅನ್ವಯಿಸಿದರೆ ಮುಖ ತಿರುಗಿಸುತ್ತೇವೆ.

ಜನನ ನೋಂದಣಿಯನ್ನೇ ನೋಡಿ. ಮಗು ಹುಟ್ಟಿದ 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮವಿದೆ. ಆಗ ಯಾವ ಶುಲ್ಕವೂ ಇಲ್ಲ. 30 ದಿನಗಳವರೆಗೆ ತಡವಾದರೆ ದಂಡ ಶುಲ್ಕ. ಒಂದು ವರ್ಷದವರೆಗೆ ತಡವಾದರೆ ಶುಲ್ಕದ ಜೊತೆಗೆ ಅಧಿಕಾರಿಯ ಲಿಖಿತ ಅನುಮತಿ. ಒಂದು ವರ್ಷ ದಾಟಿದರೆ ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮಗುವಿನ ಹೆಸರನ್ನು ಸೇರಿಸಲೂ ಮೊದಲ 12 ತಿಂಗಳು ಶುಲ್ಕವಿಲ್ಲ. ಆ ಬಳಿಕ ಇದೆ. ಆಲಸ್ಯದ ಬೆಲೆ ದಿನ ಕಳೆದಂತೆ ಹೇಗೆ ಏರುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಾನೂನು ಇನ್ನೊಂದಿರಲಾರದು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನದಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟ್ ಇವೆಲ್ಲವುಗಳಲ್ಲಿ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಪುರಾವೆ. ದಾಖಲೆ ಕೇಳುವ ರಾಜಕೀಯದ ಬಗ್ಗೆ ಚಹಾದಂಗಡಿಯಲ್ಲಿ ರಾತ್ರಿ ಹನ್ನೊಂದರವರೆಗೆ ಆತಂಕ ವ್ಯಕ್ತಪಡಿಸುವ ತಂದೆ, ತೊಟ್ಟಿಲಲ್ಲಿರುವ ತನ್ನ ಮಗುವಿನ ಹೆಸರನ್ನು ಆ ಪ್ರಮಾಣಪತ್ರಕ್ಕೆ ಸೇರಿಸಲು ಹೋಗಿರುವುದಿಲ್ಲ. ಅವನ ಆತಂಕ ನಿಜವಾದದ್ದೇ. ಆದರೆ ಆತಂಕ ದಾಖಲೆಯಾಗುವುದಿಲ್ಲ.

ಇನ್ನು 371ಜೆ ವಿಚಾರ. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ ಇಂದಿನ ಕಲ್ಯಾಣ ಕರ್ನಾಟಕಕ್ಕೆ, ದಶಕಗಳ ಹೋರಾಟದ ಬಳಿಕ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ದೊರೆತ ಸೌಲಭ್ಯವಿದು. 2013ರಲ್ಲಿ ಜಾರಿಗೆ ಬಂತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸ್ಥಾನಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8, ಸ್ಥಳೀಯ ನೌಕರಿಗಳಲ್ಲಿ ವರ್ಗಕ್ಕನುಸಾರ ಶೇ. 75ರಿಂದ 85. ಇದು ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಕಿನ್ನಾಳದ, ಕುಷ್ಟಗಿಯ, ಯಲಬುರ್ಗಾದ ಪ್ರತಿಯೊಂದು ಅರ್ಹ ಕುಟುಂಬಕ್ಕೂ ಸೇರಿದ ಹಕ್ಕು. ಆದರೆ ಈ ಹಕ್ಕು ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಉಪವಿಭಾಗಾಧಿಕಾರಿಯ ಅರ್ಹತಾ ಪ್ರಮಾಣಪತ್ರ ಬೇಕು, ಅದಕ್ಕೆ ವಾಸ ಅಥವಾ ವ್ಯಾಸಂಗದ ದಾಖಲೆ ಬೇಕು, ಶಾಲೆಯಿಂದ ಶಾಲೆಗೆ ಅಲೆದು ಮುದ್ರೆ ಹಾಕಿಸಬೇಕು. ಇದೆಲ್ಲ ಬಿಡುವಿನ ತಿಂಗಳುಗಳಲ್ಲಿ ಮಾಡುವ ಕೆಲಸ. ನಾವು ಮಾಡುವುದು ಯಾವಾಗ? ಕೌನ್ಸೆಲಿಂಗ್‌ಗೆ ಮೂರು ದಿನ ಇರುವಾಗ. ಸರ್ವರ್ ಕೈಕೊಡುತ್ತದೆ, ಗುಮಾಸ್ತ ರಜೆಯಲ್ಲಿರುತ್ತಾನೆ, ಸ್ಥಾನ ಇನ್ನೊಬ್ಬರ ಪಾಲಾಗುತ್ತದೆ. ಬಳಿಕ 'ನಮ್ಮವರಿಗೆ ಎಲ್ಲಿ ಕೊಡುತ್ತಾರೆ' ಎಂಬ ಮಾತು. ತಾರತಮ್ಯ ಇಲ್ಲವೆಂದು ಯಾರೂ ಹೇಳುತ್ತಿಲ್ಲ. ಆದರೆ ಅರ್ಜಿಯನ್ನೇ ಹಾಕದವನಿಗೆ ತಾರತಮ್ಯದ ವಿರುದ್ಧ ದೂರು ಕೊಡಲು ಕೈಯಲ್ಲಿ ಒಂದು ಸ್ವೀಕೃತಿ ಚೀಟಿಯೂ ಇರುವುದಿಲ್ಲ.

ವ್ಯಕ್ತಿಗಳ ಕತೆ ಇದಾದರೆ, ಸಂಸ್ಥೆಗಳ ಕತೆ ಇನ್ನೂ ಗಂಭೀರ. ವಕ್ಫ್ ತಿದ್ದುಪಡಿ ಕಾಯ್ದೆ 2025ರ ಏಪ್ರಿಲ್ 8ರಂದು ಜಾರಿಗೆ ಬಂತು. ಜೂನ್ 6ರಂದು 'ಉಮೀದ್' ಪೋರ್ಟಲ್ ತೆರೆಯಿತು. ವಕ್ಫ್ ಆಸ್ತಿಗಳ ವಿವರ ಸೇರಿಸಲು ಆರು ತಿಂಗಳ ಗಡುವು. ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೆಲವು ವಿಧಿಗಳಿಗೆ ತಡೆ ನೀಡಿತಾದರೂ ನೋಂದಣಿಗೆ ತಡೆ ನೀಡಲಿಲ್ಲ. ಡಿಸೆಂಬರ್ 1ರಂದು ಗಡುವು ವಿಸ್ತರಿಸಲು ನಿರಾಕರಿಸಿ, ನ್ಯಾಯಮಂಡಳಿಗಳಿಗೆ ಹೋಗುವಂತೆ ಹೇಳಿತು. ಸರಕಾರವೇ ಪ್ರಕಟಿಸಿದ ಲೆಕ್ಕದಂತೆ, ಗಡುವು ಮುಗಿಯುವಾಗ ದೇಶಾದ್ಯಂತ ಸುಮಾರು 5.17 ಲಕ್ಷ ಆಸ್ತಿಗಳ ನೋಂದಣಿ ಆರಂಭವಾಗಿತ್ತು. ಅದರಲ್ಲಿ ಸುಮಾರು 2.42 ಲಕ್ಷ ಕೊನೆಯ 150 ಗಂಟೆಗಳಲ್ಲಿ ಆದದ್ದು! ಆರು ತಿಂಗಳಲ್ಲಿ ಮಾಡಬೇಕಾದ ಕೆಲಸದ ಸರಿಸುಮಾರು ಅರ್ಧವನ್ನು ಆರು ದಿನಗಳಲ್ಲಿ ಮಾಡಿದೆವು. ಕಾನೂನು ಅನ್ಯಾಯದ್ದು ಎಂಬ ನಮ್ಮ ತಕರಾರು ಹಾಗೆಯೇ ಇದೆ. ಪೋರ್ಟಲ್ ಪದೇ ಪದೇ ಸ್ಥಗಿತಗೊಂಡದ್ದೂ ಸುಳ್ಳಲ್ಲ. ನ್ಯಾಯಾಲಯದ ತೀರ್ಪಿಗಾಗಿ ಕಾದವರಿಗೂ ಅವರದೇ ಕಾರಣವಿತ್ತು. ಆದರೆ ಕಾನೂನನ್ನು ವಿರೋಧಿಸುವುದು ಒಂದು ಕೆಲಸ, ಕಬರಸ್ತಾನದ ಪಹಣಿಯನ್ನು ಹುಡುಕಿ ತೆಗೆದಿಡುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಮಾಡಬಾರದೆಂದು ಯಾರು ಹೇಳಿದರು? ಈ ಪೋರ್ಟಲ್ ಹುಟ್ಟುವುದಕ್ಕೂ ದಶಕಗಳ ಮುನ್ನ, 1954ರ ಮತ್ತು 1995ರ ಕಾಯ್ದೆಗಳ ಕಾಲದಲ್ಲೇ ಸರಿಪಡಿಸಿಕೊಳ್ಳಬಹುದಾಗಿದ್ದ ದಾಖಲೆಗಳು ಎಷ್ಟೋ ಮುತವಲ್ಲಿಗಳ ಟ್ರಂಕಿನಲ್ಲಿ ಗೆದ್ದಲಿಗೆ ಆಹಾರವಾಗಿದ್ದಕ್ಕೆ ಯಾವ ಸರಕಾರವನ್ನು ದೂರೋಣ?

ಇಷ್ಟಾದರೂ ಇವೆಲ್ಲ ಕಾಗದದ ನಷ್ಟಗಳು. ಇದಕ್ಕಿಂತ ದೊಡ್ಡದೊಂದು ಮುಂದೂಡಿಕೆ ನಮ್ಮ ಮನೆಗಳೊಳಗೆ ನಡೆಯುತ್ತಿದೆ. ತಂದೆ ತೀರಿಕೊಂಡಿರುತ್ತಾರೆ. ಆಸ್ತಿಯಲ್ಲಿ ಮಗಳಿಗೆ ಪಾಲಿದೆಯೆಂದು ಕುರ್‌ಆನಿನಲ್ಲಿ ನಿಗದಿಯಾಗಿದೆ. ಅದು ಸಹೋದರರ ಔದಾರ್ಯವಲ್ಲ, ಅವಳ ಹಕ್ಕು. ಆದರೆ 'ಅಮ್ಮ ಇರುವವರೆಗೆ ಬೇಡ' ಎಂದು ಒಮ್ಮೆ, 'ತಮ್ಮನ ಮದುವೆ ಮುಗಿಯಲಿ' ಎಂದು ಇನ್ನೊಮ್ಮೆ, 'ರೇಟು ಬರಲಿ' ಎಂದು ಮತ್ತೊಮ್ಮೆ ಪೌತಿ ಖಾತೆಯ ಅರ್ಜಿ ಕಪಾಟಿನಲ್ಲೇ ಉಳಿಯುತ್ತದೆ. ಇಪ್ಪತ್ತು ವರ್ಷಗಳ ಬಳಿಕ ಆ ಸಹೋದರಿ ವಿಧವೆಯಾಗಿ ಹೊಲಿಗೆ ಯಂತ್ರ ತುಳಿಯುತ್ತಿರುತ್ತಾಳೆ. ಅವಳ ಪಾಲಿನ ಹೊಲ ಸಹೋದರನ ಎತ್ತಿನ ಗೊರಸಿನಡಿ ಇರುತ್ತದೆ. ಯಾರೂ ಅವಳಿಗೆ 'ಕೊಡುವುದಿಲ್ಲ' ಎಂದು ಹೇಳಿಲ್ಲ. 'ನಾಳೆ' ಎಂದಷ್ಟೇ ಹೇಳಿದ್ದಾರೆ. ಮಹ್ರ್‌ನ ಗತಿಯೂ ಇದೇ. ಬಳಿಕ ಕೊಡುವ ಮಹ್ರ್‌ಗೆ ಅವಕಾಶವಿದೆಯೆಂಬುದನ್ನೇ ಹಿಡಿದುಕೊಂಡು, ಆ 'ಬಳಿಕ'ವನ್ನು ಮಯ್ಯಿತ್ ಅಂಗಳದಲ್ಲಿರುವ ದಿನದವರೆಗೆ ಎಳೆಯುವವರಿದ್ದಾರೆ. ಆಗ ಬಂಧುಗಳು ಅಳುತ್ತಿರುವ ಹೆಂಡತಿಯ ಬಳಿ ಹೋಗಿ 'ಮಹ್ರ್ ಮಾಫ್ ಮಾಡಿಬಿಡು' ಎನ್ನುತ್ತಾರೆ. ಜೀವಮಾನವಿಡೀ ಮುಂದೂಡಿದ ಸಾಲವನ್ನು ಕೊನೆಗೆ ಸಾಲಗಾತಿಯ ಕಣ್ಣೀರಿನಿಂದಲೇ ತೀರಿಸಿಕೊಳ್ಳುವ ಈ ಪರಿಗೆ ಆಲಸ್ಯವೆಂಬ ಮೃದುವಾದ ಹೆಸರು ಸಾಲದು. ಇದು ಕಳವು. ಕಳ್ಳ ರಾತ್ರಿ ಗೋಡೆ ಹಾರುತ್ತಾನೆ. ಇವನು ಹಗಲಿನಲ್ಲಿ ಕ್ಯಾಲೆಂಡರ್ ತಿರುವುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಡವನನ್ನು ಸೋಮಾರಿಯೆಂದು ಬೈಯುವುದು ಉಳ್ಳವರ ಹಳೆಯ ಚಾಳಿ. ದಿನಗೂಲಿಗೆ ಹೋಗುವವನು ಕಚೇರಿಗೆ ಹೋದ ದಿನ ಅವನ ಮನೆಯ ಒಲೆ ಉರಿಯುವುದು ಕಷ್ಟ. ಹೋದರೂ 'ನಾಳೆ ಬಾ' ಎಂದು ಹೇಳಿಸಿಕೊಂಡು ಹಿಂದಿರುಗುತ್ತಾನೆ. ಆ ಬರಹ ಕಚೇರಿಗಳ ಬಾಗಿಲಲ್ಲೂ ಇದೆ. ಅವನ ತಡವನ್ನು ಆಲಸ್ಯವೆನ್ನಲಾಗದು. ಪ್ರಶ್ನೆ ಇರುವುದು ನಮ್ಮ ಬಗ್ಗೆ: ತಿಂಗಳ ಸಂಬಳವಿರುವ ಶಿಕ್ಷಕ, ಕೈಯಲ್ಲಿ ಮೊಬೈಲ್ ಇರುವ ಪದವೀಧರ, ಅಂಜುಮನ್‌ನ ಪದಾಧಿಕಾರಿ, ಮಸೀದಿ ಸಮಿತಿಯ ಕಾರ್ಯದರ್ಶಿ. ನಮಗೆ ಸಮಯವಿದೆ. ಕ್ರಿಕೆಟ್ ಸರಣಿಯ ವೇಳಾಪಟ್ಟಿ ಬಾಯಿಪಾಠವಿದೆ. ಹತ್ತಿರದ ಬಡವನ ಅರ್ಜಿಯ ಕೊನೆಯ ದಿನಾಂಕ ಮಾತ್ರ ಗೊತ್ತಿಲ್ಲ.

ನಾವು ಕೊಡುವ ನೆಪಗಳಲ್ಲಿ ಅತ್ಯಂತ ಗೌರವಾನ್ವಿತವಾದುದು ಧರ್ಮದ ಹೆಸರಿನದು. 'ಇನ್‌ಶಾ ಅಲ್ಲಾಹ್' ಎಂಬುದು ಒಂದು ಕೆಲಸಕ್ಕೆ ಸಂಕಲ್ಪ ಮಾಡಿದವನು ಫಲವನ್ನು ಅಲ್ಲಾಹನಿಗೆ ಒಪ್ಪಿಸುವ ಮಾತು. ಇಂದು ಅದು 'ಆಗುವುದಿಲ್ಲ' ಎಂಬುದನ್ನು ಸಭ್ಯವಾಗಿ ಹೇಳುವ ವಿಧಾನವಾಗಿದೆ. ತವಕ್ಕುಲ್‌ನ ಅರ್ಥವೂ ಹೀಗೆಯೇ ಬದಲಾಗಿದೆ. ಒಂಟೆಯನ್ನು ಮೊದಲು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ಹಗ್ಗವನ್ನೇ ಖರೀದಿಸದೆ ಭರವಸೆಯ ಬಗ್ಗೆ ಪ್ರವಚನ ಮಾಡುತ್ತಿದ್ದಾರೆ.

ಎರಡನೆಯ ನೆಪ ಹೊಸ ಕಾಲದ್ದು: 'ಸ್ಫೂರ್ತಿ ಬರುತ್ತಿಲ್ಲ.' ಈ ಸ್ಫೂರ್ತಿಯನ್ನು ಮಾರುವವರ ದೊಡ್ಡ ಸಂತೆಯೇ ಇಂದು ನೆರೆದಿದೆ. ಸಭಾಂಗಣದಲ್ಲಿ ಮೈಕು ಹಿಡಿದು ಕೂಗುವ ಭಾಷಣಕಾರ, ಮೊಬೈಲಿನಲ್ಲಿ ಒಂದರ ಹಿಂದೊಂದು ಬರುವ ವಿಡಿಯೋ. ಯುವಕ ಎರಡು ಗಂಟೆ ಅವುಗಳನ್ನು ನೋಡಿ ರೋಮಾಂಚನಗೊಳ್ಳುತ್ತಾನೆ. ಓದಬೇಕಾಗಿದ್ದ ಆ ಎರಡು ಗಂಟೆಯೂ ಹೋಗಿರುತ್ತದೆ. ಸಂಶೋಧಕರು ಬೇರೆಯದನ್ನೇ ಹೇಳುತ್ತಾರೆ. ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಮಂಡಿಸಿದ ವಾದದ ಪ್ರಕಾರ, ಮುಂದೂಡುವವನಿಗೆ ನಿಜವಾಗಿ ಸಮಯದ ಕೊರತೆಯಿಲ್ಲ. ಆ ಕೆಲಸ ಹುಟ್ಟಿಸುವ ಅಳುಕು, ಬೇಸರ, ಸೋಲುವ ಭಯ ಇವುಗಳಿಂದ ಆ ಕ್ಷಣಕ್ಕೆ ಪಾರಾಗಲು ಅವನು ಕೆಲಸವನ್ನು ದೂರ ಸರಿಸುತ್ತಾನೆ. ಕ್ಷಣದ ನೆಮ್ಮದಿಯನ್ನು ಪಡೆದು ಅದರ ಸಾಲವನ್ನು ನಾಳೆಯ ತನ್ನ ಮೇಲೆಯೇ ಹೊರಿಸುತ್ತಾನೆ. ನಾಳೆ ಅದೇ ಅಳುಕು ಬಡ್ಡಿ ಸಮೇತ ಬರುತ್ತದೆ. ಆದ್ದರಿಂದ ಮನಸ್ಸು ಹಗುರಾದ ಬಳಿಕ ಮಾಡುತ್ತೇನೆಂದು ಕಾಯುವವನು ಎಂದಿಗೂ ಮಾಡುವುದಿಲ್ಲ. ಕೆಲಸಕ್ಕೆ ಕೈ ಹಚ್ಚಿದ ಬಳಿಕವೇ ಮನಸ್ಸು ಹಗುರಾಗುತ್ತದೆ.

ಹಾಗಾದರೆ ಕೈ ಹಚ್ಚುವುದು ಹೇಗೆ? ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಸಹೋದ್ಯೋಗಿಯೊಡನೆ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸರಳವಾದ ಉತ್ತರ ಕೊಡುತ್ತದೆ. ಕ್ರಿಸ್ಮಸ್ ಮುನ್ನಾದಿನವನ್ನು ಹೇಗೆ ಕಳೆದಿರೆಂಬ ವರದಿಯನ್ನು 48 ಗಂಟೆಗಳೊಳಗೆ ಬರೆದು ಕಳುಹಿಸಲು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅವರಲ್ಲಿ ಕೆಲವರಿಂದ ಮಾತ್ರ, ಎಲ್ಲಿ ಕುಳಿತು ಮತ್ತು ಯಾವಾಗ ಬರೆಯುವಿರೆಂಬುದನ್ನು ಮೊದಲೇ ಬರೆಸಿಕೊಳ್ಳಲಾಯಿತು. ಹೀಗೆ ಜಾಗ ಮತ್ತು ಸಮಯ ನಿಶ್ಚಯಿಸಿದವರಲ್ಲಿ ಹೆಚ್ಚಿನವರು ವರದಿ ಕಳುಹಿಸಿದರು. ಉಳಿದವರಲ್ಲಿ ಮೂರನೇ ಒಂದರಷ್ಟು ಮಂದಿ ಮಾತ್ರ. ಎರಡೂ ಗುಂಪಿಗೆ ಕೆಲಸ ಒಂದೇ. ವ್ಯತ್ಯಾಸವಿದ್ದುದು ಒಂದು ಜಾಗ ಮತ್ತು ಒಂದು ಗಳಿಗೆಯದು. 'ಮಾಡುತ್ತೇನೆ' ಎಂಬುದು ಬರೀ ಆಸೆ. 'ಸೋಮವಾರ ಹತ್ತು ಗಂಟೆಗೆ, ಕೊಪ್ಪಳದ ಕಚೇರಿಯಲ್ಲಿ' ಎಂಬುದು ನಿರ್ಧಾರ.

ಇದನ್ನು ಕಲಿಯಲು ಮುಸ್ಲಿಮನೊಬ್ಬ ಜರ್ಮನಿಯವರೆಗೆ ಹೋಗಬೇಕಾಗಿದೆಯೇ? ದಿನಕ್ಕೆ ಐದು ಬಾರಿ ಇದೇ ಪಾಠ ಅವನ ಕಿವಿಗೆ ಬೀಳುತ್ತಿದೆ. ನಮಾಝ್‌ಗೆ ನಿಗದಿತ ಸಮಯವಿದೆ, ನಿಗದಿತ ಜಾಗವಿದೆ, ಎಚ್ಚರಿಸಲು ಅಝಾನ್ ಇದೆ, ಜೊತೆಗೆ ಸಾಲಿನಲ್ಲಿ ನಿಲ್ಲುವ ಜನರಿದ್ದಾರೆ. ಮುಅಝ್ಝಿನ್ ಯಾರನ್ನೂ 'ನಿಮಗೆ ಇಂದು ಉತ್ಸಾಹವಿದೆಯೇ' ಎಂದು ಕೇಳುವುದಿಲ್ಲ. ಏಳುವುದಕ್ಕೆ ಕಷ್ಟವಾದರೂ ವುಝೂವಿನ ಮೊದಲ ಬೊಗಸೆ ನೀರು ಮುಖಕ್ಕೆ ಬಿದ್ದರೆ ಸಾಕು, ಉಳಿದದ್ದು ತಾನಾಗಿ ಸಾಗುತ್ತದೆ. ರಮಝಾನಿನಲ್ಲಿ ಬಾಯಾರಿಕೆಯನ್ನು ಮೂವತ್ತು ದಿನ ಸಹಿಸಬಲ್ಲ ಜನ, ಒಂದು ಅರ್ಜಿ ತುಂಬಲು ತಮಗೆ ಇಚ್ಛಾಶಕ್ತಿಯಿಲ್ಲವೆಂದರೆ ನಂಬುವುದು ಹೇಗೆ? ನಮ್ಮಲ್ಲಿ ಶಿಸ್ತಿಗೆ ಕೊರತೆಯಿಲ್ಲ. ಅದನ್ನು ಮಸೀದಿಯ ಹೊಸ್ತಿಲಲ್ಲಿ ಚಪ್ಪಲಿಯ ಬದಲಿಗೆ ಬಿಟ್ಟು ಹೊರಡುತ್ತೇವೆ, ಅದೇ ನಮ್ಮ ದುರಂತ.

ಕಿನ್ನಾಳದವರಿಗೆ ಇನ್ನೊಂದು ಪಾಠಶಾಲೆಯೂ ಊರಲ್ಲೇ ಇದೆ. ಅಲ್ಲಿನ ಚಿತ್ರಗಾರ ಕುಟುಂಬಗಳು ಮಾಡುವ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹಗುರವಾದ ಮರವನ್ನು ಕೆತ್ತಿ, ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿಯ ನಾರಿಗೆ ಹುಣಸೆ ಬೀಜದ ಅಂಟು ಬೆರೆಸಿದ 'ಕಿಟ್ಟ'ದಿಂದ ಸಂದುಗಳನ್ನು ಮುಚ್ಚಿ, ಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಹಚ್ಚಿ, ಆ ಬಳಿಕ ಬಣ್ಣ. ಒಂದು ಲೇಪ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ. ಹಬ್ಬಕ್ಕೆ ಮೂರು ದಿನ ಇರುವಾಗ ಮರ ಹುಡುಕುವವನ ಕೈಯಲ್ಲಿ ಗೊಂಬೆ ತಯಾರಾಗುವುದಿಲ್ಲ, ಅವನು ಎಂಥ ಪ್ರತಿಭಾವಂತನಾದರೂ ಸರಿ. ದೊಡ್ಡ ಕೆಲಸವೆಂದು ಹೆದರಿ ಕುಳಿತವರು ಈ ಕುಶಲಕರ್ಮಿಗಳನ್ನು ನೋಡಬೇಕು. ಅವರು ಒಂದು ದಿನದಲ್ಲಿ ಇಡೀ ಗೊಂಬೆಯನ್ನು ಮಾಡುವುದಿಲ್ಲ. ಆ ದಿನದ ಲೇಪವನ್ನು ಆ ದಿನ ಹಚ್ಚುತ್ತಾರೆ.

ಇದೇ ತಾಲ್ಲೂಕಿನ ಹಿರೇಹಳ್ಳದ ಉದಾಹರಣೆಯೂ ಕಣ್ಣೆದುರಿಗಿದೆ. ಹೂಳು, ಕಸ, ಗಿಡಗಂಟಿಗಳು ತುಂಬಿ ಹೋಗಿದ್ದ ಆ ಹಳ್ಳವನ್ನು ಯಾರಾದರೂ ಸ್ವಚ್ಛಗೊಳಿಸಬೇಕೆಂದು ಎಲ್ಲರೂ ಹೇಳುತ್ತಿದ್ದರು. 2019ರಲ್ಲಿ ಕೊಪ್ಪಳ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಹಳ್ಳಕ್ಕಿಳಿದರು. ಜನ ಹಿಂಬಾಲಿಸಿದರು, ಯಂತ್ರಗಳು ಬಂದವು, ದೇಣಿಗೆ ಬಂತು, ಸುಮಾರು 26 ಕಿ.ಮೀ. ಉದ್ದದ ಹಳ್ಳ ಮರುಜೀವ ಪಡೆಯಿತು. ಎಲ್ಲವೂ ಒದಗಿದ ಬಳಿಕ ಅವರು ಇಳಿಯಲಿಲ್ಲ. ಅವರು ಇಳಿದ ಬಳಿಕ ಎಲ್ಲವೂ ಒದಗಿತು. ಒಳ್ಳೆಯದನ್ನು ಎಲ್ಲಿ ಕಂಡರೂ ಎತ್ತಿಕೊಳ್ಳಬೇಕಾದ ಸಮುದಾಯ ನಮ್ಮದು. ಇದನ್ನೂ ಎತ್ತಿಕೊಳ್ಳೋಣ.

ಆದ್ದರಿಂದ ಈ ಲೇಖನವನ್ನು ಓದಿ 'ಚೆನ್ನಾಗಿದೆ' ಎಂದು ಮಡಿಚಿಡುವುದಾದರೆ ಅದೂ ಇನ್ನೊಂದು ಮುಂದೂಡಿಕೆಯೇ. ಪ್ರತಿಯೊಂದು ಮನೆಯಲ್ಲಿ ಇಂದು ರಾತ್ರಿ ಊಟದ ಬಳಿಕ ಒಂದು ಹಾಳೆ ತೆಗೆದುಕೊಳ್ಳಿ. ಬಾಕಿ ಉಳಿದಿರುವ ಕೆಲಸಗಳನ್ನು ಬರೆಯಿರಿ: ಮಗುವಿನ ಜನನ ಪ್ರಮಾಣಪತ್ರ, ಮಗಳ 371ಜೆ, ತಂದೆಯ ಹೆಸರಲ್ಲೇ ಉಳಿದ ಪಹಣಿ, ಸಹೋದರಿಯ ಪಾಲು, ಹೆಂಡತಿಯ ಮಹ್ರ್. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಒಂದನ್ನು ಆರಿಸಿ, ಅದರ ಮುಂದೆ ವಾರ, ಗಂಟೆ, ಜಾಗ ಬರೆಯಿರಿ. ಮೊದಲ ಹೆಜ್ಜೆ ಎಷ್ಟು ಸಣ್ಣದಿರಬೇಕೆಂದರೆ ಅದನ್ನು ಮುಂದೂಡಲು ನಾಚಿಕೆಯಾಗಬೇಕು: ಹಳೆಯ ಟ್ರಂಕು ತೆರೆದು ಕಾಗದವನ್ನು ಹೊರಗಿಡುವುದು, ಒಂದು ಫೋನ್ ಕರೆ ಮಾಡುವುದು. ಆ ಹಾಳೆಯನ್ನು ಮನೆಯ ಇನ್ನೊಬ್ಬರ ಕೈಗೆ ಕೊಡಿ. ಆ ದಿನ ರಾತ್ರಿ 'ಆಯಿತೇ?' ಎಂದು ಅವರು ಕೇಳಲಿ. ಮಕ್ಕಳ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು, ಅವರು ಕೇಳದೆ ಬಿಡುವುದಿಲ್ಲ.

ಮಸೀದಿ ಸಮಿತಿಗಳಿಗೂ ಒಂದು ಮಾತು. ಜುಮಾ ನಮಾಝ್ ಮುಗಿದ ಬಳಿಕ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಇಬ್ಬರು ಓದಿದ ಯುವಕರು. ಇಷ್ಟಕ್ಕೆ ಯಾವ ಕಟ್ಟಡವೂ ಬೇಕಿಲ್ಲ, ಯಾವ ಚಂದಾ ಎತ್ತುವುದೂ ಬೇಕಿಲ್ಲ. ಕೂಲಿಯವನು ದಿನದ ಸಂಬಳ ಕಳೆದುಕೊಳ್ಳದೆ ತನ್ನ ಅರ್ಜಿ ತುಂಬಿಸಿಕೊಳ್ಳಲಿ. ಸೂಚನಾ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ವಿದ್ಯಾರ್ಥಿವೇತನದ, ಪ್ರವೇಶದ, ನೋಂದಣಿಯ ಕೊನೆಯ ದಿನಾಂಕಗಳಿರಲಿ. ಮಸೀದಿಯ, ಕಬರಸ್ತಾನದ ದಾಖಲೆಗಳ ಪ್ರತಿಗಳು ಮೂರು ಕಡೆ ಇರಲಿ. ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು 'ಪರಿಶೀಲಿಸಲು' ನಿರ್ಧರಿಸಬೇಡಿ. ಮೇಜು ಮಸೀದಿಯಲ್ಲಿ ಈಗಾಗಲೇ ಇದೆ. ಈ ಶುಕ್ರವಾರವೇ ಅದನ್ನು ಹೊರಗೆ ಹಾಕಿ.